ಮೌನವೆಂಬ ವಿಶ್ರಾಂತಿ

ರಾತ್ರಿ ಊಟ ಮುಗಿಸಿ ಓದುತ್ತ ಕುಳಿತಿರುವಾಗ ವಿದ್ಯುತ್ತು ಹಠಾತ್ತನೆ ನಿಂತುಹೋದ ಅನುಭವ ನಮ್ಮೆಲ್ಲರಿಗೂ ಉಂಟು. ದೀಪ ಆರುತ್ತದೆ, ಅದರೊಡನೆ ತಲೆಯ ಮೇಲಿನ ಫ್ಯಾನು, ಅಡುಗೆಮನೆಯ ಫ್ರಿಜ್ಜು, ನೀರೆತ್ತುವ ಪಂಪು, ನೆರೆಮನೆಯ ಟೆಲಿವಿಷನ್ನು ಎಲ್ಲವೂ ಒಮ್ಮೆಗೇ ಬಾಯಿ ಮುಚ್ಚುತ್ತವೆ. ಕತ್ತಲಾಯಿತಲ್ಲ ಎಂದು ನಾವು ಬೇಸರಪಡುವ ಮೊದಲೇ ಇನ್ನೊಂದು ಸಂಗತಿ ಅರಿವಿಗೆ ಬರುತ್ತದೆ. ಹೆಗಲ ಮೇಲಿನ ಹೊರೆಯನ್ನು ಯಾರೋ ಮೆಲ್ಲನೆ ಇಳಿಸಿದಂತೆ ದೇಹ ಹಗುರವಾಗುತ್ತದೆ, ಉಸಿರು ನೀಳವಾಗುತ್ತದೆ. ಅಷ್ಟು ಹೊತ್ತೂ ನಮ್ಮ ಸುತ್ತ ಸದ್ದು ಇದ್ದಿತೆಂಬುದು ಆ ಸದ್ದು ನಿಂತ ಮೇಲೆಯೇ ನಮಗೆ ತಿಳಿಯುತ್ತದೆ!

ಕೇಳಿಸದೆ ಇದ್ದ ಸದ್ದು ನಮ್ಮನ್ನು ದಣಿಸಿದ್ದು ಹೇಗೆ? ಅದು ನಿಂತಾಗ ದೊರೆತ ನೆಮ್ಮದಿ ಕೇವಲ ಕಿವಿಯದೇ, ಅಥವಾ ಅದಕ್ಕಿಂತ ಆಳವಾದ ಯಾವುದೋ ಒಂದರದೇ? ನಮ್ಮ ಹಿರಿಯರು ಮೌನವನ್ನು ಒಂದು ವ್ರತವೆಂದು ಕರೆದರು. ಇಂದಿನ ವಿಜ್ಞಾನ ಅದೇ ಮೌನವನ್ನು ಮಾಪಕಗಳ ಮುಂದೆ ಕೂರಿಸಿ ಪರೀಕ್ಷಿಸುತ್ತಿದೆ. ಇವೆರಡೂ ಎಲ್ಲಿ ಸಂಧಿಸುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ಸ್ವಲ್ಪ ವಿಚಾರಿಸೋಣ.

ರೆಪ್ಪೆಯಿಲ್ಲದ ಇಂದ್ರಿಯ

ಕಣ್ಣಿಗೆ ರೆಪ್ಪೆಯುಂಟು, ಕಿವಿಗೆ ಇಲ್ಲ. ನಿದ್ರಿಸುವವನ ಕಿವಿಯೂ ಎಚ್ಚರವಾಗಿಯೇ ಇರುತ್ತದೆ. ಕಾಡಿನಲ್ಲಿ ಬಾಳಿದ ನಮ್ಮ ಪೂರ್ವಜರಿಗೆ ಇದು ದೊಡ್ಡ ವರವಾಗಿತ್ತು. ಒಣಗಿದ ಎಲೆಯೊಂದು ಸರಕ್ಕೆಂದರೆ ಸಾಕು, ಎದೆಬಡಿತ ಏರಿ, ರಕ್ತದೊಳಕ್ಕೆ ಅಡ್ರಿನಲಿನ್ ಸುರಿದು, ಓಡುವುದಕ್ಕೋ ಹೋರಾಡುವುದಕ್ಕೋ ಅವರ ದೇಹ ಸಿದ್ಧವಾಗುತ್ತಿತ್ತು. ಅದೇ ದೇಹವನ್ನು ಹೊತ್ತು ನಾವಿಂದು ಪೇಟೆಯ ಬೀದಿಗಳಲ್ಲಿ ಬಾಳುತ್ತಿದ್ದೇವೆ. ಲಾರಿಯ ಹಾರನ್ನಿಗೂ ಹುಲಿಯ ಹೆಜ್ಜೆಗೂ ಇರುವ ಭೇದವನ್ನು ನಮ್ಮ ಬುದ್ಧಿ ಅರಿತಿದೆ. ನಮ್ಮ ನರಮಂಡಲ ಅಷ್ಟು ಬೇಗ ಅರಿಯದು.

ಶಬ್ದದ ಮಟ್ಟವನ್ನು ಅಳೆಯುವ ಮಾನ ಡೆಸಿಬೆಲ್. ಇದರ ಲೆಕ್ಕ ಸಾಮಾನ್ಯ ಅಳತೆಗೋಲಿನಂತಲ್ಲ. 10 ಡೆಸಿಬೆಲ್ ಏರಿದರೆ ಶಬ್ದದ ತೀವ್ರತೆ 10 ಪಟ್ಟು ಹೆಚ್ಚುತ್ತದೆ. 20 ಏರಿದರೆ 100 ಪಟ್ಟು. ಪಿಸುಮಾತು ಸುಮಾರು 30 ಡೆಸಿಬೆಲ್, ಎದುರುಬದುರು ಕುಳಿತವರ ಮಾತು ಸುಮಾರು 60. ಎಂದರೆ ಮಾತಿನ ತೀವ್ರತೆ ಪಿಸುಮಾತಿನದಕ್ಕಿಂತ 1,000 ಪಟ್ಟು ಹೆಚ್ಚು. 85 ಡೆಸಿಬೆಲ್ಲಿನ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಕಾಲ ದುಡಿಯುವುದು ಕಿವಿಗೆ ಅಪಾಯಕರವೆಂದು ತಜ್ಞರು ಎಣಿಸಿದ್ದಾರೆ. ಒಳಗಿವಿಯ ಬಸವನಹುಳುವಿನಂಥ ಸುರುಳಿಯೊಳಗೆ ಶಬ್ದವನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳು ಕೇವಲ 15,000ದಷ್ಟಿವೆ. ಇವು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಬೆಳೆಯುವುದಿಲ್ಲ.

ಆದರೆ ಕಿವಿ ಕೆಡುವುದು ಕೊನೆಯ ಮಾತು. ಅದಕ್ಕೆ ಬಹಳ ಮೊದಲೇ ಮನಸ್ಸು ಸೋಲುತ್ತದೆ. ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್ನಿನಲ್ಲಿ ಎತ್ತರದ ರೈಲುಹಾದಿಯೊಂದರ ಪಕ್ಕದಲ್ಲಿಯೇ ಒಂದು ಶಾಲೆ ಇತ್ತು. ಕಟ್ಟಡದ ಒಂದು ಪಾರ್ಶ್ವದ ತರಗತಿಗಳಿಗೆ ರೈಲಿನ ಅಬ್ಬರ ನೇರವಾಗಿ ನುಗ್ಗುತ್ತಿತ್ತು. ಇನ್ನೊಂದು ಪಾರ್ಶ್ವ ನಿಶ್ಶಬ್ದವಾಗಿತ್ತು. ಮನಶ್ಶಾಸ್ತ್ರಜ್ಞೆ ಆರ್ಲೀನ್ ಬ್ರಾನ್ಜಾಫ್ಟ್ ಅವರು ಎರಡೂ ಕಡೆಯ ಮಕ್ಕಳ ಓದುವ ಸಾಮರ್ಥ್ಯವನ್ನು ಹೋಲಿಸಿ ನೋಡಿ 1975ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಸದ್ದಿನ ಕಡೆಯ ಮಕ್ಕಳು ಹಿಂದೆ ಬಿದ್ದಿದ್ದರು. ಮೇಲಿನ ತರಗತಿಯಲ್ಲಿ ಆ ಅಂತರ ಹೆಚ್ಚುಕಡಮೆ ಒಂದು ವರ್ಷದ ವಿದ್ಯೆಯಷ್ಟಿತ್ತು! ಬಳಿಕ ರೈಲುಕಂಬಿಗಳ ಕೆಳಗೆ ರಬ್ಬರಿನ ಮೆತ್ತೆಗಳನ್ನಿಟ್ಟು, ತರಗತಿಗಳಿಗೆ ಸದ್ದನ್ನು ಹೀರುವ ಚಾವಣಿ ಹೊದಿಸಿದರು. 1981ರ ವರದಿಯ ವೇಳೆಗೆ ಎರಡೂ ಕಡೆಯ ಮಕ್ಕಳು ಸಮಸಮನಾಗಿದ್ದರು. ಮಕ್ಕಳ ಬುದ್ಧಿಯಲ್ಲಿ ಕೊರತೆಯಿರಲಿಲ್ಲ. ಅವರಿಗೆ ಬೇಕಾಗಿದ್ದುದು ಮೌನ ಮಾತ್ರ.

ನಮ್ಮ ದೇಶದಲ್ಲಿಯೂ 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರಿನವರೆಗಿನ ಪ್ರದೇಶವನ್ನು ನಿಶ್ಶಬ್ದ ವಲಯವನ್ನಾಗಿಸಲು ಅವಕಾಶವಿತ್ತಿವೆ. ಅಲ್ಲಿ ಹಗಲು 50, ರಾತ್ರಿ 40 ಡೆಸಿಬೆಲ್ ಮೀರಕೂಡದು. ಈ ಸಂಖ್ಯೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಿಮ್ಮ ಶಾಲೆಯ ಗೇಟಿನ ಬಳಿ ಐದು ನಿಮಿಷ ನಿಂತು ನೋಡಿ. ನಿಯಮಕ್ಕೂ ನಡತೆಗೂ ಇರುವ ದೂರ ತಾನಾಗಿ ತಿಳಿದೀತು.

ಎರಡು ನಿಮಿಷದ ವಿರಾಮ

ಹಾಗಾದರೆ ಮೌನವೆಂದರೆ ಸದ್ದಿನ ಅಭಾವವಷ್ಟೇ ಅಲ್ಲವೇ? ಅಭಾವಕ್ಕೆ ಗುಣವೆಲ್ಲಿಯದು? ಇಟಲಿಯ ವೈದ್ಯ ಲೂಚಿಯಾನೊ ಬರ್ನಾರ್ಡಿ ಅವರೂ ಮೊದಲು ಮೌನದ ಗುಣವನ್ನು ಹುಡುಕಿ ಹೊರಟವರಲ್ಲ. ಸಂಗೀತವು ಹೃದಯದ ಮೇಲೆ ಯಾವ ಪರಿಣಾಮ ಮಾಡುತ್ತದೆಂಬುದು ಅವರ ಪ್ರಶ್ನೆಯಾಗಿತ್ತು. 12 ಮಂದಿ ಸಂಗೀತಗಾರರಿಗೂ 12 ಮಂದಿ ಇತರರಿಗೂ ಬಗೆಬಗೆಯ ಸಂಗೀತವನ್ನು ಕೇಳಿಸಿ, ಅವರ ಉಸಿರಾಟ, ಎದೆಬಡಿತ, ರಕ್ತದೊತ್ತಡಗಳನ್ನು ಅಳೆದರು. ನಡುವೆ ಎಲ್ಲಿಯೋ ಒಂದು ಕಡೆ 2 ನಿಮಿಷಗಳ ನಿಶ್ಶಬ್ದವನ್ನು ಸೇರಿಸಿದ್ದರು. 2006ರಲ್ಲಿ ಪ್ರಕಟವಾದ ಫಲಿತಾಂಶ ಸ್ವಾರಸ್ಯವಾಗಿದೆ. ಲಯ ಚುರುಕಾದಂತೆ ಎದೆಬಡಿತವೂ ಉಸಿರೂ ಚುರುಕಾದವು, ಇದು ನಿರೀಕ್ಷಿತವೇ. ಆದರೆ ನಡುವಿನ ವಿರಾಮದಲ್ಲಿ ಅವು ಪ್ರಯೋಗಕ್ಕೆ ಮುನ್ನ ಇದ್ದ ಮಟ್ಟಕ್ಕಿಂತಲೂ ಕೆಳಗಿಳಿದು ಶಾಂತವಾದವು.

ನಾವು ಗಮನಿಸಬೇಕಾದ ಅಂಶ ಇಲ್ಲಿದೆ. ಎರಡು ಸ್ವರಗಳ ನಡುವೆ ಬಂದ ಮೌನ ಬರಿಯ ಶೂನ್ಯವಾಗಿರಲಿಲ್ಲ. ಸಂಗೀತವನ್ನು ಗಮನವಿಟ್ಟು ಕೇಳಿದ ಮನಸ್ಸು, ಅದು ನಿಂತೊಡನೆ, ಬಿಗಿದ ತಂತಿಯನ್ನು ಸಡಿಲಿಸಿದಂತೆ ವಿಶ್ರಮಿಸಿತು.

ಒಳಗಿನ ಸದ್ದು

ಹೊರಗಿನ ಸದ್ದನ್ನೆಲ್ಲ ಅಡಗಿಸಿಬಿಟ್ಟರೆ ಏನಾದೀತು? ಅಮೆರಿಕದ ಸಂಗೀತಕಾರ ಜಾನ್ ಕೇಜ್ 1951ರ ಸುಮಾರಿನಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರತಿಧ್ವನಿರಹಿತ ಕೊಠಡಿಯೊಂದನ್ನು ಹೊಕ್ಕರು. ಅದರ ಗೋಡೆಗಳು ಸದ್ದನ್ನು ಪೂರ್ತಿಯಾಗಿ ನುಂಗಿಬಿಡುವಂಥವು. ಪರಿಪೂರ್ಣ ಮೌನವನ್ನು ನಿರೀಕ್ಷಿಸಿದ್ದ ಅವರಿಗೆ ಅಲ್ಲಿಯೂ ಎರಡು ಸದ್ದುಗಳು ಕೇಳಿಸಿದವು. ಅವೆರಡೂ ಹೊರಟಿದ್ದುದು ಅವರ ದೇಹದಿಂದಲೇ! ಮರುವರ್ಷ ಅವರು ವಾದಕನು ಒಂದು ಸ್ವರವನ್ನೂ ನುಡಿಸದೆ 4 ನಿಮಿಷ 33 ಸೆಕೆಂಡು ಕುಳಿತಿರುವ ಕೃತಿಯನ್ನು ರಚಿಸಿ, ಸಭಾಂಗಣದ ಸಣ್ಣಪುಟ್ಟ ಸದ್ದುಗಳನ್ನೇ ಜನರು ಆಲಿಸುವಂತೆ ಮಾಡಿದರು.

ದೇಹದ ಸದ್ದನ್ನು ಹೇಗಾದರೂ ಸಹಿಸಬಹುದು. ಮನಸ್ಸಿನ ಸದ್ದು ಅದಕ್ಕಿಂತ ಕಠಿನ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾನಿಲಯದ ತಿಮೊಥಿ ವಿಲ್ಸನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ಕೇಳಿ. ಜನರನ್ನು ಒಬ್ಬೊಬ್ಬರಾಗಿ ಬರಿಯ ಕೋಣೆಯಲ್ಲಿ 15 ನಿಮಿಷ ಕೂರಿಸಲಾಯಿತು. ಪುಸ್ತಕವಿಲ್ಲ, ಫೋನಿಲ್ಲ. ಇದ್ದುದೊಂದೇ: ಒತ್ತಿದರೆ ತಮಗೇ ವಿದ್ಯುತ್ತಿನ ಆಘಾತ ತಗಲುವ ಗುಂಡಿ. ಅದರ ನೋವನ್ನು ಮೊದಲೇ ಉಂಡು, ಹಣ ತೆತ್ತಾದರೂ ಅದನ್ನು ತಪ್ಪಿಸಿಕೊಂಡೇವು ಎಂದಿದ್ದವರು ಅವರು. ಆದರೂ 18 ಮಂದಿ ಗಂಡಸರಲ್ಲಿ 12 ಮಂದಿ, 24 ಮಂದಿ ಹೆಂಗಸರಲ್ಲಿ 6 ಮಂದಿ, ಒಮ್ಮೆಯಾದರೂ ಆ ಗುಂಡಿಯನ್ನು ಒತ್ತಿಕೊಂಡರು! ತನ್ನೊಡನೆ ತಾನು ಸುಮ್ಮನಿರುವುದಕ್ಕಿಂತ ನೋವೇ ಲೇಸೆನ್ನಿಸಿತೇ ಅವರಿಗೆ?

ನಕ್ಕುಬಿಡುವುದು ಸುಲಭ. ಬಸ್ಸಿಗೆ ಕಾಯುವ ಎರಡು ನಿಮಿಷಗಳಲ್ಲಿ ನಮ್ಮ ಕೈ ಜೇಬಿನ ಮೊಬೈಲಿನತ್ತ ಹೋಗುವುದನ್ನು ನೆನೆದರೆ ನಗು ಅಲ್ಲಿಯೇ ನಿಂತೀತು. ನಾವೂ ಬಗೆಬಗೆಯ ಗುಂಡಿಗಳನ್ನು ಒತ್ತಿಕೊಳ್ಳುತ್ತಲೇ ಇದ್ದೇವೆ.

ಸುಮ್ಮನಿರುವ ಮಿದುಳು ನಿಜವಾಗಿ ಸುಮ್ಮನಿರುವುದಿಲ್ಲ. ದೇಹದ ತೂಕದಲ್ಲಿ ನೂರಕ್ಕೆ 2ರಷ್ಟಿರುವ ಈ ಅಂಗ ವಿಶ್ರಾಂತಿಯಲ್ಲಿರುವಾಗಲೂ ದೇಹದ ಶಕ್ತಿಯಲ್ಲಿ ನೂರಕ್ಕೆ 20ರಷ್ಟನ್ನು ಬಳಸುತ್ತದೆ. ಹೊರಗಿನ ಕೆಲಸವನ್ನು ಬಿಟ್ಟು ಕುಳಿತಾಗ ಮಿದುಳಿನ ಕೆಲವು ಭಾಗಗಳು ಒಟ್ಟಾಗಿ ಹೆಚ್ಚು ಚಟುವಟಿಕೆ ತೋರುತ್ತವೆಂದು ಮಾರ್ಕಸ್ ರೈಕ್ಲ್ ಮತ್ತು ಸಂಗಡಿಗರು 2001ರಲ್ಲಿ ವಿವರಿಸಿದರು. ನೆನಪುಗಳನ್ನು ಹೊಂದಿಸುವುದು, ನಾಳೆಯನ್ನು ಊಹಿಸುವುದು, ತನ್ನನ್ನು ಕುರಿತು ತಾನು ಯೋಚಿಸುವುದು ಈ ಜಾಲದ ಕೆಲಸ. ಇದು ಬೇಕಾದ ಕೆಲಸವೇ. ಆದರೆ ಕಡಿವಾಣವಿಲ್ಲದಿದ್ದರೆ ಇದೇ ಜಾಲ ಹಳೆಯ ಅವಮಾನಗಳನ್ನೂ ಮುಂದಿನ ಪರೀಕ್ಷೆಯ ಭಯವನ್ನೂ ಗಾಣದೆತ್ತಿನಂತೆ ಸುತ್ತತೊಡಗುತ್ತದೆ.

ಆದುದರಿಂದ ಹೊರಗಿನ ಸದ್ದು ನಿಂತರೆ ವಿಶ್ರಾಂತಿಯ ಅರ್ಧ ಮಾತ್ರ ದೊರೆತಂತೆ. ಉಳಿದರ್ಧಕ್ಕೆ ಸಾಧನೆ ಬೇಕು.

ವ್ರತವೂ ವಿಜ್ಞಾನವೂ

ಈ ಸಾಧನೆಯನ್ನು ನಮ್ಮ ಪ್ರಾಚೀನರು ಚೆನ್ನಾಗಿ ಬಲ್ಲವರಾಗಿದ್ದರು. ಮೌನವೆಂಬ ಶಬ್ದ ಬಂದುದು ಮುನಿ ಎಂಬ ಶಬ್ದದಿಂದ. ಮುನಿಯ ಭಾವವೇ ಮೌನ. ಎಂದರೆ ಅದು ಬಾಯಿಗೆ ಹಾಕಿದ ಬೀಗವಲ್ಲ, ಮನನಶೀಲನ ಸ್ಥಿತಿ. ಓಂಕಾರದ ಮೂರು ಮಾತ್ರೆಗಳನ್ನು ಎಚ್ಚರ, ಕನಸು, ಗಾಢನಿದ್ರೆಗಳೊಡನೆ ಹೊಂದಿಸಿ ಹೇಳಿದ ಮಾಂಡೂಕ್ಯೋಪನಿಷತ್ತು, ಎಲ್ಲಕ್ಕಿಂತ ಮಿಗಿಲಾದುದನ್ನು ಮಾತ್ರೆಯೇ ಇಲ್ಲದ ನಾಲ್ಕನೆಯದರಲ್ಲಿ ಕಂಡಿತು. ಗಾಂಧೀಜಿಯವರು ಸೋಮವಾರಗಳಂದು ಮೌನವನ್ನು ಪಾಲಿಸುತ್ತಿದ್ದರು. ಹೇಳಲೇಬೇಕಾದುದನ್ನು ಚೀಟಿಯಲ್ಲಿ ಬರೆಯುತ್ತಿದ್ದರು. ಒಂದು ದೇಶದ ಭಾರವನ್ನು ಹೊತ್ತ ಮನುಷ್ಯನಿಗೆ ವಾರಕ್ಕೊಂದು ದಿನ ಸುಮ್ಮನಿರಲು ಬಿಡುವಿದ್ದಿತೆಂಬುದು ಯೋಚಿಸತಕ್ಕ ಮಾತು.

ಪ್ರಯೋಗಶಾಲೆಗಳೂ ಈ ದಾರಿಯನ್ನು ತುಳಿದಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವಿಜ್ಞಾನಿಗಳು ಓಂಕಾರ ಹೇಳುವವರ ಮಿದುಳಿನ ಚಿತ್ರಗಳನ್ನು ತೆಗೆದು, ಭಯ ಮೊದಲಾದ ಭಾವಗಳಿಗೆ ಸಂಬಂಧಿಸಿದ ಭಾಗಗಳಲ್ಲಿ ಚಟುವಟಿಕೆ ತಗ್ಗುವುದನ್ನು 2011ರಲ್ಲಿ ವರದಿ ಮಾಡಿದರು. ಸುಮ್ಮನೆ 'ಸ್‌ಸ್‌' ಎಂದು ಸದ್ದು ಮಾಡಿದಾಗ ಹಾಗೆ ಆಗಲಿಲ್ಲ. ಅದೇ ವರ್ಷ ಅಮೆರಿಕದಲ್ಲಿ ಜಡ್ಸನ್ ಬ್ರೂವರ್ ಮತ್ತು ಸಂಗಡಿಗರು, ಧ್ಯಾನದಲ್ಲಿ ನುರಿತವರಲ್ಲಿ ಮೇಲೆ ಹೇಳಿದ ಅಲೆದಾಟದ ಜಾಲವೇ ಹೆಚ್ಚು ಶಾಂತವಾಗಿರುತ್ತದೆಂದು ತೋರಿಸಿದರು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಇವೆಲ್ಲ ಕೆಲವೇ ಮಂದಿಯ ಮೇಲೆ ನಡೆದ ಸಣ್ಣ ಪ್ರಯೋಗಗಳು. ರಕ್ತದೊತ್ತಡ ಇಳಿಯಿತೆಂಬುದು ಆತ್ಮಕ್ಕೆ ಶಾಂತಿ ದೊರೆಯಿತೆಂಬುದಕ್ಕೆ ಪ್ರಮಾಣವಾಗದು. ಮಾಪಕ ಅಳೆಯುವುದು ದೇಹವನ್ನು. ಶಾಂತಿಯ ಅರ್ಥವನ್ನು ಅರಿಯಬೇಕಾದವರು ನಾವು. ವಿಜ್ಞಾನ ಮೌನದ ಮನೆಯ ಬಾಗಿಲಿನವರೆಗೆ ನಮ್ಮನ್ನು ಕರೆತಂದು, ಈ ಮನೆ ನಿಜವಾದುದು, ಇಲ್ಲಿ ವಿಶ್ರಾಂತಿಯುಂಟು ಎಂದು ಹೇಳಬಲ್ಲುದು. ಒಳಗೆ ಹೋಗಬೇಕಾದವರು ನಾವೇ.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ

ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹಾರಿದಾಗ ಮನಸ್ಸಿನ ಒಂದಂಶ ಹಿಂದಿನದಕ್ಕೇ ಅಂಟಿಕೊಂಡಿರುತ್ತದೆಂದು ಸೋಫಿ ಲೆರಾಯ್ 2009ರಲ್ಲಿ ತೋರಿಸಿದರು. ಪಾಠದ ನಡುವೆ ಹತ್ತು ಬಾರಿ ಫೋನು ನೋಡುವವನು ಹತ್ತು ತುಂಡು ಮನಸ್ಸಿನಿಂದ ಓದುತ್ತಿರುತ್ತಾನೆ. ಅವನ ದಣಿವು ಓದಿನ ದಣಿವಲ್ಲ, ತುಂಡಾಗುವಿಕೆಯ ದಣಿವು. ಕಾಲೇಜಿನ ವರ್ಷಗಳಲ್ಲಿ ಹೀಗೆ ಚೂರಾದ ಮನಸ್ಸನ್ನು ಮುಂದೆ ಕೂಡಿಸುವುದು ಸುಲಭವಲ್ಲ.

ಆದುದರಿಂದ ಉಪಕರಣಗಳೇನೂ ಬೇಡದ ಒಂದು ಪ್ರಯೋಗವನ್ನು ನಮ್ಮ ಕಿರಿಯ ಓದುಗರು ಮಾಡಿ ನೋಡಬಹುದು. ಬೆಳಗ್ಗೆಯೋ ಸಂಜೆಯೋ ಹತ್ತು ನಿಮಿಷ ಫೋನನ್ನು ಬೇರೆ ಕೋಣೆಯಲ್ಲಿಟ್ಟು ಬನ್ನಿ. ಬೆನ್ನು ನೆಟ್ಟಗೆ ಮಾಡಿ ಕುಳಿತು, ಮೊದಲು ದೂರದ ಸದ್ದುಗಳನ್ನು ಆಲಿಸಿ, ಬಳಿಕ ಹತ್ತಿರದವನ್ನು, ಕೊನೆಗೆ ನಿಮ್ಮ ಉಸಿರನ್ನು. ಮೊದಲ ದಿನಗಳಲ್ಲಿ ಬೇಸರವಾದೀತು, ಮನಸ್ಸು ನೂರು ಕಡೆ ಓಡೀತು. ಅದು ಸೋಲಲ್ಲ, ಓಡಿತೆಂದು ತಿಳಿದುದೇ ಮೊದಲ ಫಲ. ತಿಳಿದೊಡನೆ ಮೆಲ್ಲನೆ ಹಿಂದಕ್ಕೆ ಕರೆತನ್ನಿ. ಒಂದು ತಿಂಗಳ ಬಳಿಕ ನಿಮ್ಮ ಓದಿನಲ್ಲಿ, ನಿದ್ರೆಯಲ್ಲಿ, ಮನೆಯವರೊಡನೆ ಆಡುವ ಮಾತಿನಲ್ಲಿ ಏನಾದರೂ ವ್ಯತ್ಯಾಸವಾಯಿತೇ ಎಂಬುದನ್ನು ನೀವೇ ಪರೀಕ್ಷಿಸಿ. ಆಗದಿದ್ದರೆ ಬಿಟ್ಟುಬಿಡಿ, ವಿಜ್ಞಾನದ ವಿದ್ಯಾರ್ಥಿಗೆ ಒಪ್ಪುವ ಕ್ರಮ ಅದೇ.

ಇನ್ನೊಮ್ಮೆ ರಾತ್ರಿ ವಿದ್ಯುತ್ತು ನಿಂತಾಗ ಫೋನಿನ ಬೆಳಕಿಗಾಗಿ ತಡಕಾಡದೆ ಇದ್ದಲ್ಲಿಯೇ ಕುಳಿತಿರೋಣ. ದೂರದಲ್ಲೆಲ್ಲೋ ಒಂದು ನಾಯಿ ಬೊಗಳೀತು, ಕಿಟಕಿಯಾಚೆ ಜೀರುಂಡೆ ದನಿಗೂಡಿಸೀತು, ಒಳಗೆ ನಮ್ಮದೇ ಎದೆಯ ಬಡಿತ ಕೇಳಿಸೀತು. ದೀಪ ತಾನಾಗಿ ಹೊತ್ತಿಕೊಂಡಾಗ, ಅಯ್ಯೋ, ಇಷ್ಟು ಬೇಗ ಬಂದಿತೇ ಎಂದು ಅನ್ನಿಸಿದರೆ, ಆ ಮನಸ್ಸಿಗೆ ಮೌನದ ರುಚಿ ಹತ್ತಿತೆಂದೇ ತಿಳಿಯಬೇಕು.