ಪರದೇಶದ ನೆಂಟರು ಮನೆಗೆ ಬಂದಾಗ

ಒಂದು ಕಾಲಕ್ಕೆ ನಮ್ಮ ಬಿಳಿಗೆರೆ ಕಡೆಯವರಿಗೆ ದೂರದ ನೆಂಟರೆಂದರೆ ಬೆಂಗಳೂರಿನವರು. ಈಗ ಹಾಗಿಲ್ಲ. ಕೊಬ್ಬರಿ ಮಾರಿದ ದುಡ್ಡಿನಲ್ಲಿ ಓದಿದ ಮಕ್ಕಳು ಅಮೆರಿಕ, ಜರ್ಮನಿ, ಆಸ್ಟ್ರೇಲಿಯಾ ಸೇರಿದ್ದಾರೆ. ರಜಕ್ಕೆ ಬರುವಾಗ ಪರದೇಶದ ಹೆಂಡತಿ, ಅಲ್ಲೇ ಹುಟ್ಟಿದ ಮಗು, ಇಲ್ಲವೇ ಒಬ್ಬ ಸ್ನೇಹಿತೆ ಜೊತೆಗೆ ಬರುತ್ತಾರೆ. ಅವರಿಗೆ ಖಾರ ಕಡಿಮೆ ಮಾಡಿ ಅಡಿಗೆ ಮಾಡೋದು, ಎಳನೀರು ಕೊಡೋದು ನಮಗೆ ಗೊತ್ತು. ಆದರೆ ಸರ್ಕಾರದ ಕಾಗದಪತ್ರ ಎಂದ ಕೂಡಲೇ ಕೈಕಾಲು ತಣ್ಣಗಾಗುತ್ತೆ.

ಹೋದ ವರ್ಷ ನನ್ನ ಅಕ್ಕನ ಮಗ, ತಾನು ಮದುವೆಯಾಗಲಿರುವ ಜರ್ಮನಿಯ ಹುಡುಗಿಯನ್ನು ಕರೆದುಕೊಂಡು ಬರ್ತೀನಿ ಅಂತ ಫೋನು ಮಾಡಿದ. ಮನೆಯಲ್ಲಿ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಯಿತು. "ಪೊಲೀಸರು ಮನೆ ಬಾಗಿಲಿಗೆ ಬಂದರೆ ಊರವರು ಏನಂದಾರು?" ಅಂತ ನಮ್ಮತ್ತೆ. "ಯಾರಿಗೂ ಹೇಳೋದು ಬೇಡ, ನಾಲ್ಕು ದಿನ ಇದ್ದು ಹೋಗ್ತಾಳೆ ಬಿಡು" ಅಂತ ಭಾವನವರು. ಮುಚ್ಚಿಟ್ಟರೆ ನಾಳೆ ಆ ಹುಡುಗಿಗೇ ತೊಂದರೆ ಎಂದು ನಾನು ಹಟ ಹಿಡಿದೆ. ಒಂದೊಂದಾಗಿ ಕೇಳಿ ತಿಳಿದುಕೊಂಡದ್ದನ್ನು ಸೋದರಿಯರ ಅನುಕೂಲಕ್ಕೆಂದು ಇಲ್ಲಿ ಬರೆದಿದ್ದೇನೆ.

ಹೊರಡುವ ಮೊದಲು

ಕೊಲ್ಲಿಯ ಕೆಲವು ದೇಶಗಳಲ್ಲಿ ಕೆಲಸಕ್ಕೆ ಹೋಗುವವರಿಗೆ ಅಲ್ಲಿಯವರೊಬ್ಬರು ಜವಾಬ್ದಾರರಾಗಿ ನಿಲ್ಲಬೇಕು. ನಮ್ಮ ದೇಶಕ್ಕೆ ಪ್ರವಾಸಿಯಾಗಿ ಬರುವವರಿಗೆ ಅಷ್ಟು ಬೇಡ. ವೀಸಾ ಅರ್ಜಿಯಲ್ಲಿ ಇಲ್ಲಿ ಪರಿಚಯವಿರುವವರ ಹೆಸರು, ವಿಳಾಸ, ಫೋನು ನಂಬರು ಕೇಳುತ್ತಾರೆ. ಅಲ್ಲಿಗೆ ನಮ್ಮ ಹೆಸರು ಹೋಗುತ್ತದೆ. ಜಿಲ್ಲೆಯ ಹೆಸರು 2014ರ ನವೆಂಬರಿನಲ್ಲಿ ತುಮಕೂರು ಎಂದು ಇಂಗ್ಲಿಷಿನಲ್ಲೂ ಬದಲಾಯಿತಲ್ಲ, ಹಳೆಯ ಕಾಗದಗಳಲ್ಲಿ ಹಳೆಯ ಕಾಗುಣಿತವೇ ಇರುತ್ತದೆ. ಊರು, ಅಂಚೆ, ತಾಲ್ಲೂಕು, ಜಿಲ್ಲೆ ಎಲ್ಲವನ್ನೂ ಒಂದೇ ರೀತಿ ಬರೆದು ಕಳಿಸಿ.

ಅನೇಕ ದೇಶದವರಿಗೆ ಈಗ ಇ-ವೀಸಾ ಸಿಗುತ್ತದೆ. ಪಾಸ್‌ಪೋರ್ಟಿನ ಪುಟ, ಭಾವಚಿತ್ರ ಕಳಿಸಿ, ಹಣ ಕಟ್ಟಿದರೆ ಆಯಿತು. ಪ್ರವಾಸಿ ಇ-ವೀಸಾದಲ್ಲಿ 30 ದಿನದ್ದು, 1 ವರ್ಷದ್ದು, 5 ವರ್ಷದ್ದು ಎಂದು ಮೂರು ಬಗೆ. 5 ವರ್ಷದ ವೀಸಾ ಎಂದರೆ 5 ವರ್ಷ ಇಲ್ಲೇ ಕೂರಬಹುದು ಎಂದಲ್ಲ. ಒಂದು ಸಲಕ್ಕೆ ಎಷ್ಟು ದಿನ ಎಂಬುದಕ್ಕೆ ಮಿತಿ ಇದೆ. ಬಂದ ದಿನವೇ ವೀಸಾ ಕಾಗದವನ್ನೂ ಪಾಸ್‌ಪೋರ್ಟಿನ ಮೊಹರನ್ನೂ ನೋಡಿ, ಕೊನೆಯ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಬಿಡಿ. ಈ ಇ-ವೀಸಾದ ಅವಧಿಯನ್ನು ಇಲ್ಲಿ ಬಂದ ಮೇಲೆ ಮುಂದುವರಿಸಿಕೊಡುವುದಿಲ್ಲ.

ಇನ್ನೊಂದು ಮಾತು. ಸರ್ಕಾರದ್ದೇ ಎನ್ನುವಂತೆ ಕಾಣುವ ಖೋಟಾ ಜಾಲತಾಣಗಳಿವೆ. ನಿಜವಾದದ್ದರ ವಿಳಾಸದ ಕೊನೆಯಲ್ಲಿ 'ಜಿಒವಿ ಡಾಟ್ ಇನ್' ಎಂದು ಇರುತ್ತದೆ.

24 ಗಂಟೆಯೊಳಗೆ

ಮನೆಯವರಾಗಿ ನಾವು ಮಾಡಲೇಬೇಕಾದ ಕೆಲಸ ಇದು. ಪರದೇಶದವರು ನಮ್ಮ ಮನೆಯಲ್ಲಿ ತಂಗಿದರೆ 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕು. ಇದನ್ನೇ ಜನ 'ಸಿ ಫಾರಂ' ಎನ್ನುವುದು. ಹೋಟೆಲು, ಛತ್ರಗಳಿಗೆ ಮಾತ್ರ ಇದು ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ, ಬಾಡಿಗೆ ತೆಗೆದುಕೊಳ್ಳದ ನೆಂಟರ ಮನೆಗೂ ಅನ್ವಯ.

ಮೊದಲು 1946ರ ವಿದೇಶೀಯರ ಕಾಯಿದೆ ಇತ್ತು. 1920, 1939, 1946, 2000ನೇ ಇಸವಿಗಳ ನಾಲ್ಕು ಕಾನೂನುಗಳನ್ನು ತೆಗೆದುಹಾಕಿ, 2025ರ ಸೆಪ್ಟೆಂಬರ್ 1ರಿಂದ ಒಂದೇ ಹೊಸ ಕಾಯಿದೆ ಜಾರಿಗೆ ಬಂದಿದೆ. ಫಾರಮ್ಮಿನ ಹೆಸರು ಬದಲಾದರೂ ಕೆಲಸ ಅದೇ.

ಫಾರಂ ಈಗ ಕಂಪ್ಯೂಟರಿನಲ್ಲೇ ತುಂಬಬೇಕು. ಮನೆಯ ಯಜಮಾನರ ಹೆಸರಿನಲ್ಲಿ ಮೊದಲು ನೋಂದಾಯಿಸಿಕೊಳ್ಳಬೇಕು. ನೆಂಟರು ಬರುವುದಕ್ಕೆ ಒಂದೆರಡು ವಾರ ಮುಂಚೆಯೇ ಮಾಡಿಟ್ಟುಕೊಳ್ಳಿ. ಅವರು ಬಂದ ಮೇಲೆ ಪಾಸ್‌ಪೋರ್ಟ್ ಮತ್ತು ವೀಸಾ ನಂಬರು, ಬಂದ ತಾರೀಖು, ಎಲ್ಲಿಂದ ಬಂದರು, ಮುಂದೆ ಎಲ್ಲಿಗೆ ಎಂಬುದನ್ನು ತುಂಬಿದರಾಯಿತು. ಹೊರಟ ದಿನವನ್ನೂ ನಮೂದಿಸಿ. ಪ್ರತಿಯೊಂದನ್ನು ಜೋಪಾನವಾಗಿ ಎತ್ತಿಡಿ. ಜಿಲ್ಲೆಗಳಲ್ಲಿ ಪೊಲೀಸ್ ಸೂಪರಿಂಟೆಂಡೆಂಟರೇ ವಿದೇಶೀಯರ ನೋಂದಣಿ ಅಧಿಕಾರಿ. ಏನಾದರೂ ತಿಳಿಯದಿದ್ದರೆ ನಮ್ಮ ಕಡೆಯವರು ತುಮಕೂರಿನ ಆ ಕಚೇರಿಯನ್ನು ಕೇಳಬಹುದು.

ನಮ್ಮ ಮನೆಯಲ್ಲಿ ಮಗಳೇ ಕೂತು ತುಂಬಿದಳು. ನಮ್ಮತ್ತೆ ಪಕ್ಕದಲ್ಲಿ ಕೂತು ನೋಡಿ, "ಇಷ್ಟೇನಾ? ರೇಷನ್ ಕಾರ್ಡಿಗೆ ಇದಕ್ಕಿಂತ ಅಲೆದಿದ್ದೀನಲ್ಲೇ!" ಎಂದರು.

ಹೆಚ್ಚು ದಿನ ಇರುವುದಾದರೆ

180 ದಿನಕ್ಕಿಂತ ಹೆಚ್ಚಿನ ಅವಧಿಯ ಓದಿನ ವೀಸಾ, ಕೆಲಸದ ವೀಸಾದವರು ಸಾಮಾನ್ಯವಾಗಿ ಬಂದ 14 ದಿನದೊಳಗೆ ತಾವೇ ನೋಂದಾಯಿಸಿಕೊಂಡು, ವಾಸದ ಪರವಾನಗಿ ಪಡೆಯಬೇಕು. 2018ರಿಂದ ಇದೂ ಕಂಪ್ಯೂಟರಿನಲ್ಲೇ ಆಗುತ್ತದೆ. ಅವಧಿ ಮುಗಿದ ಮೇಲೂ ಉಳಿದರೆ ಹೊಸ ಕಾಯಿದೆಯಲ್ಲಿ 3 ವರ್ಷದವರೆಗೆ ಸಜೆ, 3 ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. "ಹಬ್ಬ ಮುಗಿಸಿಕೊಂಡು ಹೋಗಮ್ಮ" ಎಂದು ಪ್ರೀತಿಯಿಂದ ನಿಲ್ಲಿಸಿಕೊಳ್ಳುವ ಮೊದಲು ಕ್ಯಾಲೆಂಡರು ನೋಡಿ!

ಮದುವೆಯ ಮಾತು ಬಂದರೆ

ಹುಡುಗ ಹಿಂದೂ, ಹುಡುಗಿ ಬೇರೆ ಮತದವಳಾದರೆ ದೇವಸ್ಥಾನದಲ್ಲಿ ತಾಳಿ ಕಟ್ಟಿದ್ದು ಮಾತ್ರ ಕಾನೂನಿಗೆ ಸಾಲದು. 1954ರ ವಿಶೇಷ ವಿವಾಹ ಕಾಯಿದೆಯಂತೆ ನೋಂದಾಯಿಸಬೇಕು. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ಇದ್ದು ನೋಟೀಸು ಕೊಡಬೇಕು. ಆಮೇಲೆ ಮತ್ತೆ 30 ದಿನ ಕಾಯಬೇಕು. ಮಗ ಹದಿನೈದು ದಿನದ ರಜ ಹಾಕಿ ಬಂದರೆ ಈ ಕೆಲಸ ಆಗದು. ಛತ್ರ ಗೊತ್ತು ಮಾಡುವ ಮೊದಲು ಈ ಲೆಕ್ಕ ಹಾಕಿಕೊಳ್ಳಿ.

ಮದುವೆ ನೋಂದಣಿಯಾಗಿ ಎರಡು ವರ್ಷ ಬಾಳ್ವೆ ನಡೆಸಿದ ಮೇಲೆ ಸೊಸೆ ಓಸಿಐ ಕಾರ್ಡಿಗೆ ಅರ್ಜಿ ಹಾಕಬಹುದು. ಸಾಗರೋತ್ತರ ಭಾರತೀಯರಿಗೆ ಕೊಡುವ ಕಾರ್ಡು ಇದು. ಪಾಕಿಸ್ತಾನ, ಬಾಂಗ್ಲಾದೇಶ ಮೂಲದವರಿಗೆ ಸಿಗದು. ಕಾರ್ಡು ಬಂದರೆ ಬರುವಾಗ ವೀಸಾ ಬೇಡ, ಎಷ್ಟು ದಿನ ಇದ್ದರೂ ಪೊಲೀಸ್ ನೋಂದಣಿ ಬೇಡ. ಆದರೆ ಮದುವೆ ಮುರಿದರೆ ಹೀಗೆ ಪಡೆದ ಕಾರ್ಡೂ ಹೋಗುತ್ತದೆ. ಓಟು ಹಾಕುವ ಹಕ್ಕಿಲ್ಲ. ತೋಟದವರು ಗಮನಿಸಬೇಕಾದ್ದು ಇನ್ನೊಂದಿದೆ: ಈ ಕಾರ್ಡಿನವರು ಹೊಲ, ತೋಟ, ತೋಟದ ಮನೆಗಳನ್ನು ಕೊಂಡುಕೊಳ್ಳುವಂತಿಲ್ಲ. ಆಸೆಪಟ್ಟು ನಾಲ್ಕು ಗುಂಟೆ ತೆಂಗಿನ ತೋಟ ಸೊಸೆ ಹೆಸರಿಗೆ ಕೊಂಡುಕೊಡಬೇಕೆನ್ನುವವರು ತಿಳಿದಿರಲಿ.

ಬಾಣಂತನಕ್ಕೆ ಬಂದ ಮಗಳು

ಮಗಳು ಅಮೆರಿಕದ ಪ್ರಜೆಯಾಗಿದ್ದು, ತವರಿಗೆ ಹೆರಿಗೆಗೆ ಬಂದರೆ ಮಗುವಿನ ಕಾಗದ ಮರೆಯಬೇಡಿ. ತಂದೆತಾಯಿಯಲ್ಲಿ ಒಬ್ಬರು ಭಾರತದ ಪ್ರಜೆ, ಇನ್ನೊಬ್ಬರು ಸರಿಯಾದ ಕಾಗದದ ಮೇಲೆ ಇಲ್ಲಿರುವವರಾದರೆ ಇಲ್ಲಿ ಹುಟ್ಟಿದ ಮಗು ಭಾರತದ ಪ್ರಜೆ. ಇಬ್ಬರೂ ಪರದೇಶದ ಪ್ರಜೆಗಳಾದರೆ, ಓಸಿಐ ಕಾರ್ಡು ಇದ್ದರೂ, ಮಗು ಭಾರತದ ಪ್ರಜೆಯಲ್ಲ. ಅದಕ್ಕೆ ಜನನ ಪತ್ರ, ಅವರ ದೇಶದ ಪಾಸ್‌ಪೋರ್ಟು, ಮೇಲೆ ಇಲ್ಲಿಂದ ಹೊರಡಲು ವಿದೇಶೀಯರ ನೋಂದಣಿ ಕಚೇರಿಯ ಅನುಮತಿ ಬೇಕು. ಇದಕ್ಕೆಲ್ಲ ದಿನ ಹಿಡಿಯುತ್ತದೆ. ವಾಪಸು ಟಿಕೇಟನ್ನು ಅವಸರದಲ್ಲಿ ಕೊಳ್ಳಬೇಡಿ.

ಕೆಲವು ಸಣ್ಣ ಸಲಹೆಗಳು

* ಪಾಸ್‌ಪೋರ್ಟು, ವೀಸಾ ಪ್ರತಿ ಎರಡೆರಡು ಮಾಡಿಸಿ, ಒಂದು ನಿಮ್ಮ ಬೀರುವಿನಲ್ಲಿರಲಿ. ಅಸಲು ಅವರ ಹತ್ತಿರವೇ ಇರಲಿ, ಯಾರೇ ಹಿರಿಯರಾದರೂ ತೆಗೆದಿಟ್ಟುಕೊಳ್ಳುವುದು ತರವಲ್ಲ.
* ಪ್ರವಾಸಿ ವೀಸಾದಲ್ಲಿ ಬಂದವರು ಸಂಬಳದ ಕೆಲಸ ಮಾಡುವಂತಿಲ್ಲ. ಊರಿನ ಶಾಲೆಯವರು ಇಂಗ್ಲಿಷ್ ಪಾಠಕ್ಕೆ ಸಂಬಳ ಕೊಟ್ಟು ಕರೆದರೂ ಬೇಡವೆನ್ನಿ.
* ಉಪಗ್ರಹ ಫೋನನ್ನು ಅನುಮತಿಯಿಲ್ಲದೆ ತರಬಾರದು ಎಂದು ಮುಂಚೆಯೇ ತಿಳಿಸಿ.

ಆ ಹುಡುಗಿ ನಮ್ಮಲ್ಲಿ ಹನ್ನೊಂದು ದಿನ ಇದ್ದಳು. ಅಟ್ಟ ಹತ್ತಿ ಒಣಗುತ್ತಿದ್ದ ಕಾಯಿ ಅಲ್ಲಾಡಿಸಿ, ಒಳಗೆ ಕೊಬ್ಬರಿ ಸದ್ದು ಕೇಳಿ ನಕ್ಕಳು. ಬೀದಿಯಲ್ಲಿ ಯಾರಾದರೂ "ಏನವ್ವಾ, ಪೊಲೀಸಿಗೆ ಹೇಳಿದ್ದೀರಾ?" ಎಂದು ಕೇಳಿದರೆ, "ಓಹೋ, ಕಾಗದ ಬೀರುವಿನಲ್ಲಿದೆ" ಎಂದು ನಮ್ಮತ್ತೆಯೇ ಜಂಬದಿಂದ ಹೇಳುತ್ತಿದ್ದರು. ಕಾನೂನಿನ ಕೆಲಸ ಮುಂಚೆಯೇ ಮುಗಿದಿದ್ದರೆ ನೆಂಟರೂ ನಿಶ್ಚಿಂತೆ, ನಾವೂ ನಿಶ್ಚಿಂತೆ. ಆಮೇಲೆ ಉಳಿಯುವುದು ಉಪಚಾರ ಒಂದೇ. ಅದನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲವಲ್ಲ!