ಸಲ್ಯೂತ್-7: ಹೆಪ್ಪುಗಟ್ಟಿದ ನಿಲ್ದಾಣದ ಪುನಶ್ಚೇತನ

1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಅವರು ಅತಿಥಿಯಾಗಿ ತಂಗಿದ್ದ ಸೋವಿಯತ್ ಬಾಹ್ಯಾಕಾಶ ನಿಲ್ದಾಣ ಸಲ್ಯೂತ್-7 ಮರುವರ್ಷದ ಫೆಬ್ರವರಿಯಲ್ಲಿ ಮೌನ ತಾಳಿತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಆಗ ಅದರೊಳಗೆ ಯಾರೂ ಇರಲಿಲ್ಲ. ಭೂಮಿಯಿಂದ ಕಳುಹಿಸಿದ ಆದೇಶಗಳಿಗೆ ಉತ್ತರವೇ ಬರಲಿಲ್ಲ. ಅದನ್ನು ಕೈಬಿಡಬೇಕು, ಇಲ್ಲವೇ ಮನುಷ್ಯರನ್ನೇ ಕಳುಹಿಸಿ ನೋಡಬೇಕು ಎಂಬ ಸ್ಥಿತಿ ಒದಗಿತು.

1985ರ ಜೂನ್ 6ರಂದು ವ್ಲಾದಿಮಿರ್ ಜಾನಿಬೆಕೋವ್ ಮತ್ತು ವಿಕ್ತೋರ್ ಸವಿನಿಖ್ ಸೋಯೂಜ್ ಟಿ-13 ನೌಕೆಯಲ್ಲಿ ಹೊರಟರು. ಮೂರನೆಯ ಆಸನವನ್ನು ತೆಗೆದು ಆ ಜಾಗದಲ್ಲಿ ಹೆಚ್ಚಿನ ಸಾಮಗ್ರಿಯನ್ನು ತುಂಬಲಾಗಿತ್ತು. ಸಾಮಾನ್ಯವಾಗಿ ನಿಲ್ದಾಣವು ರೇಡಿಯೋ ಸಂಕೇತಗಳ ಮೂಲಕ ಬರುವ ನೌಕೆಗೆ ದಾರಿ ತೋರುತ್ತದೆ. ತನ್ನ ಜೋಡಣೆಯ ದ್ವಾರವನ್ನು ಅದರತ್ತ ತಿರುಗಿಸಿಕೊಳ್ಳುತ್ತದೆ. ಈ ಸಲ ಅದೊಂದೂ ಇಲ್ಲ. ಕೈಯಲ್ಲಿ ಹಿಡಿದ ಲೇಸರ್ ದೂರಮಾಪಕದಿಂದ ಅಂತರವನ್ನು ಅಳೆಯುತ್ತ, ಕಣ್ಣಂದಾಜಿನಿಂದ ನೌಕೆಯನ್ನು ನಡೆಸಿ, ಜೂನ್ 8ರಂದು ಜೋಡಣೆಯನ್ನು ಸಾಧಿಸಿದರು. 1982ರಲ್ಲಿ ಸ್ವಯಂಚಾಲಿತ ವ್ಯವಸ್ಥೆ ಕೈಕೊಟ್ಟಾಗ ಇದೇ ನಿಲ್ದಾಣಕ್ಕೆ ನೌಕೆಯನ್ನು ಕೈಯಿಂದಲೇ ಜೋಡಿಸಿದ್ದ ಜಾನಿಬೆಕೋವ್ ಅವರ ಆಯ್ಕೆ ಉಚಿತವೇ ಆಗಿತ್ತು.

ಒಳಗೆ ಕತ್ತಲೆ, ಮೂಳೆ ಕೊರೆಯುವ ಚಳಿ. ನೀರು ಹೆಪ್ಪುಗಟ್ಟಿತ್ತು. ಇಷ್ಟಕ್ಕೆಲ್ಲ ಮೂಲವೊಂದು ಚಿಕ್ಕ ಸಂವೇದಕ. ಬ್ಯಾಟರಿ ತುಂಬಿದೆಯೆಂದು ಅದು ತಪ್ಪಾಗಿ ಸೂಚಿಸಿತು. ಸೌರಫಲಕಗಳಿಂದ ಬರುತ್ತಿದ್ದ ವಿದ್ಯುತ್ತಿನ ಸಂಪರ್ಕ ಕಡಿದುಹೋಯಿತು. ರೇಡಿಯೋ ಉಪಕರಣವೂ ಕೆಟ್ಟಿದ್ದರಿಂದ ಭೂಮಿಯಿಂದ ಅದನ್ನು ಸರಿಪಡಿಸುವ ದಾರಿಯಿರಲಿಲ್ಲ. ಬ್ಯಾಟರಿಗಳು ಬರಿದಾದವು, ಅವುಗಳೊಡನೆ ಶಾಖವೂ ಆರಿತು.

ನೌಕೆಯ ವಿದ್ಯುತ್ತನ್ನೇ ನಿಲ್ದಾಣಕ್ಕೆ ಹರಿಸಬಹುದಿತ್ತಲ್ಲವೆ ಎಂದು ಓದುಗರು ಕೇಳಬಹುದು. ನಿಲ್ದಾಣದೊಳಗಿನ ದೋಷ ನೌಕೆಗೂ ತಗಲಿದರೆ ಮರಳುವ ದಾರಿಯೇ ಮುಚ್ಚಿಹೋಗುತ್ತಿತ್ತು. ಆದುದರಿಂದ ಕೆಡದೆ ಉಳಿದಿದ್ದ ಬ್ಯಾಟರಿಗಳನ್ನು ಆರಿಸಿ, ತಂತಿಗಳನ್ನು ಕೈಯಿಂದಲೇ ಬೆಸೆದು, ನೇರವಾಗಿ ಸೌರಫಲಕಗಳಿಗೆ ಜೋಡಿಸಿದರು. ಬಳಿಕ ನೌಕೆಯ ಎಂಜಿನ್‌ಗಳಿಂದ ಇಡೀ ನಿಲ್ದಾಣವನ್ನು ಸೂರ್ಯನತ್ತ ತಿರುಗಿಸಿದರು. ಕುಡಿಯುವ ನೀರಿನ ದಾಸ್ತಾನು ಕೆಲವೇ ದಿನಗಳದು. ಗಾಳಿಯಂತ್ರಗಳು ನಿಂತಿದ್ದುದರಿಂದ ಇನ್ನೊಂದು ಅಪಾಯವೂ ಇತ್ತು: ಭಾರರಹಿತ ಸ್ಥಿತಿಯಲ್ಲಿ ಬಿಟ್ಟ ಉಸಿರು ಮೇಲೇರಿ ಹೋಗದೆ ಮುಖದ ಸುತ್ತಲೇ ನಿಲ್ಲುತ್ತದೆ. ಇಂಗಾಲದ ಡೈಆಕ್ಸೈಡಿನಿಂದ ತಲೆನೋವು, ಆಯಾಸ ತಪ್ಪಲಿಲ್ಲ. ಶಾಖ ಮರಳಿದಾಗ ಕರಗಿದ ನೀರು ಗೋಡೆಗಳನ್ನೂ ಯಂತ್ರಗಳನ್ನೂ ಆವರಿಸಿತು. ಅದನ್ನು ಬಟ್ಟೆಗಳಿಂದ ಒರೆಸಿ ತೆಗೆಯಬೇಕಾಯಿತು.

2017ರಲ್ಲಿ ತೆರೆಕಂಡ ರಷ್ಯನ್ ಚಲನಚಿತ್ರವು ಈ ಕಥೆಗೆ ಬೆಂಕಿಯ ಅನಾಹುತವನ್ನೂ ಸೇರಿಸಿದೆ. ಚಳಿಯೊಂದೇ ಸಾಲದಾಗಿತ್ತೆ?

ಜೂನ್ 23ರಂದು ಸರಕು ನೌಕೆ ಪ್ರೊಗ್ರೆಸ್-24 ನಿಲ್ದಾಣಕ್ಕೆ ತಾನೇ ಬಂದು ಜೋಡಿಕೊಂಡು, ನೀರನ್ನೂ ಬಿಡಿಭಾಗಗಳನ್ನೂ ತಂದಿತು. ಜಾನಿಬೆಕೋವ್ ಸೆಪ್ಟೆಂಬರಿನಲ್ಲಿ ಭೂಮಿಗೆ ಮರಳಿದರು. ಸವಿನಿಖ್ ನವೆಂಬರಿನವರೆಗೆ ಅಲ್ಲಿಯೇ ಉಳಿದರು.