ಹಲವು ಕೈಗಳ ಹೊತ್ತಗೆ

ಅಚ್ಚಿನ ಯಂತ್ರ ಬರುವ ಮುನ್ನ ಗ್ರಂಥವೊಂದು ಉಳಿಯಬೇಕಾದರೆ ಯಾರಾದರೂ ಅದನ್ನು ಕೈಯಿಂದ ಪ್ರತಿ ಮಾಡಬೇಕಾಗಿತ್ತು. ಪ್ರತಿಗಳು ಹಲವು ಊರುಗಳಿಗೆ ಹರಡಿದ ಗ್ರಂಥ ಉಳಿದುಕೊಂಡಿತು. ಒಂದೇ ಮನೆಯ ಅಟ್ಟದ ಮೇಲೆ ಒಂದೇ ಪ್ರತಿಯಾಗಿ ಇದ್ದುದು ಗೆದ್ದಲಿಗೋ ಬೆಂಕಿಗೋ ತುತ್ತಾಯಿತು. ಆದರೆ ಪ್ರತಿ ಮಾಡುವವನ ಕೈ ಎಲ್ಲಿ ತಪ್ಪಿತು, ಎಲ್ಲಿ ಬೇಕೆಂದೇ ತಿದ್ದಿತು ಎಂಬುದನ್ನು ಓಲೆಯ ಗರಿ ಸಾಮಾನ್ಯವಾಗಿ ಹೇಳುತ್ತಿರಲಿಲ್ಲ. ಆದುದರಿಂದಲೇ ಗ್ರಂಥಸಂಪಾದಕರು ಹಲವು ಪ್ರತಿಗಳನ್ನು ಎದುರಿಗಿಟ್ಟುಕೊಂಡು, ಪಾಠಾಂತರಗಳನ್ನು ಗುರುತಿಸಿ, ಮೂಲಪಾಠ ಹೀಗಿದ್ದಿರಬೇಕೆಂದು ಊಹಿಸಬೇಕಾಗುತ್ತದೆ. ಬರಹವೂ ಉಳಿಯಬೇಕು, ಅದು ಬದಲಾಗುತ್ತ ಬಂದ ಬಗೆಯೂ ಉಳಿಯಬೇಕು. ಈ ಎರಡು ಅಗತ್ಯಗಳು ಕಂಪ್ಯೂಟರಿನ ಯುಗದಲ್ಲಿಯೂ ಹಾಗೆಯೇ ಇವೆ. ಹಲವರು ಕೂಡಿ ಬರೆಯುವ ‘ವಿಕಿ’ಯ ಕಥೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ.

ವಿಕಿ ಎಂದರೆ ಓದುವವರೇ ತಿದ್ದಬಲ್ಲ ಪುಟಗಳ ಸಮೂಹ. ಇಂತಹ ಮೊದಲ ತಾಣವನ್ನು ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ 1995ರಲ್ಲಿ ಅಂತರ್ಜಾಲದಲ್ಲಿ ತೆರೆದರು. ಹವಾಯಿ ದ್ವೀಪಗಳ ಭಾಷೆಯಲ್ಲಿ ‘ವಿಕಿ’ ಎಂದರೆ ‘ಬೇಗ’ ಎಂದರ್ಥ. ಹೊನಲುಲು ವಿಮಾನ ನಿಲ್ದಾಣದಲ್ಲಿ ಓಡಾಡುವ ‘ವಿಕಿ ವಿಕಿ’ ಬಸ್ಸನ್ನು ನೆನೆದು ಅವರು ಈ ಹೆಸರನ್ನಿಟ್ಟರು. 2001ರ ಜನವರಿ 15ರಂದು ಆರಂಭವಾದ ವಿಕಿಪೀಡಿಯ ಇದೇ ವಿಧಾನದಿಂದ ವಿಶ್ವಕೋಶವೊಂದನ್ನು ಕಟ್ಟಲು ಹೊರಟಿತು. ಕನ್ನಡ ವಿಕಿಪೀಡಿಯ 2003ರಲ್ಲಿ ಹುಟ್ಟಿತು.

ಯಾರು ಬೇಕಾದರೂ ತಿದ್ದಬಹುದಾದ ಕಡೆ ಯಾರು ಬೇಕಾದರೂ ಕೆಡಿಸಲೂಬಹುದು. ಈ ಅಪಾಯಕ್ಕೆ ವಿಕಿ ಕಂಡುಕೊಂಡ ಮದ್ದು, ಪುಟದ ಹಿಂದಿನ ರೂಪಗಳನ್ನು ಕಾಪಾಡಿಕೊಂಡು ಬರುವುದು. ಕೆಟ್ಟುದನ್ನು ಕಿತ್ತುಹಾಕಿ ಹಿಂದಿನ ರೂಪಕ್ಕೆ ಮರಳುವುದು ಇದರಿಂದ ಸುಲಭವಾಗುತ್ತದೆ. ಆದರೆ ವಿಕಿಪೀಡಿಯದ ಮೊದಲ ತಂತ್ರಾಂಶವು ಹಳೆಯ ರೂಪಗಳನ್ನು ಶಾಶ್ವತವಾಗಿ ಇಟ್ಟುಕೊಳ್ಳುತ್ತಿರಲಿಲ್ಲ. ಕೆಲವು ಕಾಲದ ಬಳಿಕ ಅಳಿಸಿಬಿಡುತ್ತಿತ್ತು. ಹೀಗಾಗಿ ವಿಶ್ವಕೋಶದ ಮೊದಲ ತಿಂಗಳುಗಳಲ್ಲಿ ಯಾರು ಏನನ್ನು ಬರೆದರು ಎಂಬ ದಾಖಲೆಯ ಬಹುಭಾಗ ನಷ್ಟವಾಯಿತೆಂದೇ ಎಲ್ಲರೂ ನಂಬಿದ್ದರು. 2010ರ ಡಿಸೆಂಬರಿನಲ್ಲಿ ತಂತ್ರಾಂಶ ಪರಿಣತ ಟಿಮ್ ಸ್ಟಾರ್ಲಿಂಗ್ ಹಳೆಯ ಕಡತಗಳನ್ನು ನೋಡುತ್ತಿದ್ದಾಗ, 2001ರ ಫೆಬ್ರವರಿ, ಮಾರ್ಚ್ ಮತ್ತು ಆಗಸ್ಟ್ ತಿಂಗಳುಗಳ ಮೂರು ಪ್ರತಿಗಳು ಒಂದೆಡೆ ಮಡಿಸಿಟ್ಟಂತೆ ದೊರೆತವು. ಕಳೆದುಹೋದ ಇತಿಹಾಸ ಮರಳಿ ಬಂದಿತು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಜ್ಞಾನದ ರಕ್ಷಣೆಯನ್ನು ಅದೃಷ್ಟದ ಕೈಗೆ ಒಪ್ಪಿಸಲಾಗದು.

ಬದಲಾವಣೆಗಳನ್ನು ಕ್ರಮವಾಗಿ ದಾಖಲಿಸುವ ವಿದ್ಯೆಯನ್ನು ತಂತ್ರಾಂಶ ಬರೆಯುವವರು ವಿಕಿಗಿಂತ ಬಹಳ ಮೊದಲೇ ಬಲ್ಲವರಾಗಿದ್ದರು. ಇದಕ್ಕೆ ‘ಆವೃತ್ತಿ ನಿಯಂತ್ರಣ’ ಎಂದು ಹೆಸರು. 1972ರಲ್ಲಿ ಬೆಲ್ ಪ್ರಯೋಗಾಲಯದ ಮಾರ್ಕ್ ರೋಚ್‌ಕೈಂಡ್ ಇಂತಹ ವ್ಯವಸ್ಥೆಯೊಂದನ್ನು ರಚಿಸಿದ್ದರು. ಮುಂದೆ ಬಳಕೆಗೆ ಬಂದ ಹಲವು ವ್ಯವಸ್ಥೆಗಳಲ್ಲಿ ಇತಿಹಾಸವೆಲ್ಲ ಒಂದು ಕೇಂದ್ರ ಕಂಪ್ಯೂಟರಿನಲ್ಲಿ ಇರುತ್ತಿತ್ತು. ಕೇಂದ್ರದ ಸಂಪರ್ಕ ಕಡಿದರೆ ಕೆಲಸ ನಿಲ್ಲುತ್ತಿತ್ತು. ಕೇಂದ್ರವೇ ಹಾಳಾದರೆ ಇತಿಹಾಸವೂ ಹಾಳಾಗುವ ಭಯವಿತ್ತು. ಈ ಕೊರತೆಯನ್ನು ನೀಗಿಸಲು ಹುಟ್ಟಿದುದೇ ವಿಕೇಂದ್ರೀಕೃತ ಆವೃತ್ತಿ ನಿಯಂತ್ರಣ. ಅದರಲ್ಲಿ ಇಂದು ಬಹು ಪ್ರಸಿದ್ಧವಾದುದು ‘ಗಿಟ್’. ಲಿನಕ್ಸ್ ಕರ್ನಲ್ ಎಂಬ ತಂತ್ರಾಂಶವನ್ನು ಬೆಳೆಸುತ್ತಿದ್ದವರು ಬಳಸುತ್ತಿದ್ದ ವ್ಯವಸ್ಥೆಯು 2005ರಲ್ಲಿ ಅವರಿಗೆ ಉಚಿತವಾಗಿ ದೊರೆಯದಂತಾಯಿತು. ಆಗ ಅವರ ನಾಯಕರಾದ ಲಿನಸ್ ಟೊರ್ವಾಲ್ಡ್ಸ್ ಆ ವರ್ಷದ ಏಪ್ರಿಲ್‌ನಲ್ಲಿ ಗಿಟ್ಟನ್ನು ರಚಿಸತೊಡಗಿದರು.

ಗಿಟ್ಟಿನಲ್ಲಿ ಪ್ರತಿಯೊಬ್ಬ ಬರಹಗಾರನೂ ಸಮಗ್ರ ಭಂಡಾರವನ್ನು, ಮೊದಲ ದಿನದಿಂದ ಆದ ಎಲ್ಲ ಬದಲಾವಣೆಗಳೊಡನೆ, ತನ್ನ ಕಂಪ್ಯೂಟರಿಗೆ ತಂದುಕೊಳ್ಳುತ್ತಾನೆ. ಬದಲಾವಣೆಯೊಂದು ಪೂರ್ಣವಾದಾಗ ಅದನ್ನು ದಾಖಲಿಸುತ್ತಾನೆ. ಈ ದಾಖಲೆಗೆ ‘ಕಮಿಟ್’ ಎನ್ನುವರು. ಮಾಡಿದವರ ಹೆಸರು, ದಿನಾಂಕ, ಬದಲಾವಣೆಯ ಕಾರಣ ಮತ್ತು ಅದಕ್ಕೆ ಹಿಂದಿನ ಕಮಿಟ್ಟಿನ ಗುರುತು ಅದರಲ್ಲಿ ಸೇರಿರುತ್ತವೆ. ಇವೆಲ್ಲವನ್ನೂ ಬರಹವನ್ನೂ ಒಟ್ಟಾಗಿ ಗಣಿಸಿ ಪ್ರತಿ ಕಮಿಟ್ಟಿಗೂ ಒಂದು ಗುರುತನ್ನು ಕೊಡಲಾಗುತ್ತದೆ. ಅಂಕೆಗಳೂ ಅಕ್ಷರಗಳೂ ಬೆರೆತ ಈ ಗುರುತು ಸಾಮಾನ್ಯವಾಗಿ 40 ಚಿಹ್ನೆಗಳಷ್ಟು ಉದ್ದವಿರುತ್ತದೆ. ಹಳೆಯ ಬರಹದಲ್ಲಿ ಒಂದು ಅಕ್ಷರ ಬದಲಾದರೂ ಅದರ ಗುರುತು ಬದಲಾಗುತ್ತದೆ. ಅದರ ಬೆನ್ನಿಗೆ ಬಂದ ಕಮಿಟ್ಟುಗಳ ಗುರುತುಗಳೂ ಬದಲಾಗುತ್ತವೆ. ಸರಪಳಿಯ ಒಂದು ಕೊಂಡಿಯನ್ನು ಗುಟ್ಟಾಗಿ ಮುಟ್ಟಿದರೆ ಉಳಿದ ಪ್ರತಿಗಳೊಡನೆ ಹೋಲಿಸಿದಾಗ ಅದು ಬಯಲಾಗುತ್ತದೆ.

ಈ ವಿಧಾನವನ್ನು ವಿಕಿಗೂ ಅನ್ವಯಿಸಬಹುದೆಂದು ಕೆಲವರಿಗೆ ಹೊಳೆಯಿತು. 2006ರಲ್ಲಿ ಜೋಯಿ ಹೆಸ್ ‘ಇಕಿವಿಕಿ’ ಎಂಬುದನ್ನು ಆರಂಭಿಸಿದರು. ಅದು ಪುಟಗಳನ್ನು ಸಾಮಾನ್ಯ ಕಡತಗಳಾಗಿ ಇಟ್ಟು, ಇತಿಹಾಸದ ಹೊಣೆಯನ್ನು ಆವೃತ್ತಿ ನಿಯಂತ್ರಣ ವ್ಯವಸ್ಥೆಗೇ ಒಪ್ಪಿಸಿತು. 2008ರಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾದ ಜಾನ್ ಮ್ಯಾಕ್‌ಫರ್ಲೇನ್ ‘ಗಿಟಿಟ್’ ಎಂಬ ವಿಕಿಯನ್ನು ಇದೇ ಆಧಾರದ ಮೇಲೆ ರಚಿಸಿದರು.

ಇದು ಕೆಲಸ ಮಾಡುವ ಬಗೆಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಊರಿನ ಕೆರೆಯನ್ನು ಕುರಿತ ವಿಕಿ ಪುಟವೊಂದನ್ನು ಇಬ್ಬರು ಬರೆಯುತ್ತಿದ್ದಾರೆ ಎಂದುಕೊಳ್ಳೋಣ. ಇಬ್ಬರಿಗೂ ಎರಡು ದಿನ ಅಂತರ್ಜಾಲದ ಸಂಪರ್ಕವಿಲ್ಲ. ಆದರೂ ಇಬ್ಬರ ಕೆಲಸವೂ ಸಾಗುತ್ತದೆ. ಒಬ್ಬರು ಕೆರೆಯ ಹೆಸರಿನಲ್ಲಿದ್ದ ಅಕ್ಷರದೋಷವನ್ನು ತಿದ್ದುತ್ತಾರೆ. ಮತ್ತೊಬ್ಬರು ಪುಟದ ಕೊನೆಯಲ್ಲಿ ತೂಬಿನ ವಿವರ ಸೇರಿಸುತ್ತಾರೆ. ಸಂಪರ್ಕ ಬಂದ ಮೇಲೆ ಗಿಟ್ ಎರಡೂ ಪ್ರತಿಗಳನ್ನು, ಅವು ಕವಲೊಡೆಯುವ ಮುನ್ನ ಇದ್ದ ಸಮಾನ ಮೂಲದೊಡನೆ ಹೋಲಿಸುತ್ತದೆ. ಎರಡು ಪ್ರತಿಗಳನ್ನು ಮಾತ್ರ ನೋಡಿದರೆ ಯಾವುದು ಹಳೆಯದು, ಯಾವುದು ತಿದ್ದಿದುದು ಎಂದು ತಿಳಿಯದು. ಮೂಲ ಜೊತೆಗಿದ್ದರೆ ಯಾರು ಏನನ್ನು ಬದಲಿಸಿದರೆಂಬುದು ನಿಚ್ಚಳವಾಗುತ್ತದೆ. ಗ್ರಂಥಸಂಪಾದಕರು ಊಹಿಸಬೇಕಾದ ಮೂಲಪಾಠ ಇಲ್ಲಿ ಕೈಯಲ್ಲಿಯೇ ಇರುತ್ತದೆ. ಆದುದರಿಂದ ಎರಡು ತಿದ್ದುಪಡಿಗಳೂ ತಾವಾಗಿಯೇ ಒಂದುಗೂಡುತ್ತವೆ.

ಆದರೆ ಇಬ್ಬರೂ ಒಂದೇ ಸಾಲನ್ನು ತಿದ್ದಿ, ಕೆರೆಯ ವಿಸ್ತಾರ 40 ಎಕರೆ ಎಂದು ಒಬ್ಬರೂ 42 ಎಕರೆ ಎಂದು ಇನ್ನೊಬ್ಬರೂ ಬರೆದಿದ್ದರೆ? ಆಗ ಯಂತ್ರ ತೀರ್ಪು ಕೊಡುವುದಿಲ್ಲ. ಎರಡು ಪಾಠಗಳನ್ನೂ ಅಕ್ಕಪಕ್ಕದಲ್ಲಿಟ್ಟು ನಿಂತುಬಿಡುತ್ತದೆ. ಇಬ್ಬರೂ ಕೂತು ವಿಚಾರಿಸಿದಾಗ, ಒಬ್ಬರು ನೀರು ನಿಲ್ಲುವ ನೆಲವನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದರು, ಮತ್ತೊಬ್ಬರು ಏರಿಯನ್ನೂ ಸೇರಿಸಿದ್ದರು ಎಂದು ತಿಳಿಯಬಹುದು. ಆಗ ಪುಟದಲ್ಲಿ ಎರಡು ಅಳತೆಗಳೂ ವಿವರಣೆಯೊಡನೆ ನಿಲ್ಲುತ್ತವೆ. ಭಿನ್ನಾಭಿಪ್ರಾಯವನ್ನು ಮುಚ್ಚಿಡದೆ ಎದುರಿಗಿಟ್ಟುದರಿಂದ ಬರಹ ಹಿಂದಿಗಿಂತ ನಿಖರವಾಗುತ್ತದೆ.

ಈ ವಿಧಾನಕ್ಕೆ ತೊಡಕುಗಳೂ ಉಂಟು. ಗಿಟ್ ಸಾಲುಗಳನ್ನು ಹಿಡಿದು ಹೋಲಿಸುವುದರಿಂದ, ಇಡೀ ಪರಿಚ್ಛೇದವನ್ನು ಒಂದೇ ಉದ್ದ ಸಾಲಾಗಿ ಬರೆದರೆ ಅನಗತ್ಯ ಘರ್ಷಣೆಗಳು ಹೆಚ್ಚುತ್ತವೆ. ವಾಕ್ಯಕ್ಕೊಂದು ಸಾಲಿನಂತೆ ಬರೆಯುವುದು ಲೇಸು. ದೊಡ್ಡ ಚಿತ್ರಗಳನ್ನು ಪದೇ ಪದೇ ಬದಲಿಸಿದರೆ ಎಲ್ಲರ ಭಂಡಾರವೂ ಭಾರವಾಗುತ್ತದೆ. ಹಲವು ಕಡೆ ಹರಡಿದ ಪ್ರತಿಯನ್ನು ಹಿಂದಕ್ಕೆ ಕರೆಯಲಾಗದು. ಆದುದರಿಂದ ಮತ್ತೊಬ್ಬರ ಖಾಸಗಿ ವಿವರವನ್ನು ದಾಖಲಿಸುವ ಮುನ್ನ ಎಚ್ಚರ ಬೇಕು. ಇದರ ಆಜ್ಞೆಗಳನ್ನು ಕಲಿಯುವುದೂ ಸಾಮಾನ್ಯ ಬರಹಗಾರನಿಗೆ ಸುಲಭವಲ್ಲ. ವಿಕಿಪೀಡಿಯದಂತಹ ಬೃಹತ್ ವಿಕಿಗಳು ಪುಟಗಳ ಇತಿಹಾಸವನ್ನು ಇಂದಿಗೂ ಕೇಂದ್ರದಲ್ಲಿಯೇ ಇಡುತ್ತವೆ. ಆದರೆ ಅದರ ಪ್ರತಿಯನ್ನು ಯಾರು ಬೇಕಾದರೂ ಪಡೆಯುವಂತೆ ಪ್ರಕಟಿಸುತ್ತವೆ.

ವಿಕೇಂದ್ರೀಕರಣದ ಬಲವೇನೆಂಬುದು 2011ರಲ್ಲಿ ಸ್ಪಷ್ಟವಾಯಿತು. ಆ ವರ್ಷದ ಆಗಸ್ಟ್ ತಿಂಗಳಿನಲ್ಲಿ, ಲಿನಕ್ಸ್ ಕರ್ನಲ್ಲಿನ ಪ್ರಧಾನ ಭಂಡಾರವಿದ್ದ ಸರ್ವರುಗಳೊಳಗೆ ಯಾರೋ ಅಕ್ರಮವಾಗಿ ನುಗ್ಗಿದ್ದರೆಂದು ಪತ್ತೆಯಾಯಿತು. ಆದರೆ ಅದೇ ಇತಿಹಾಸದ ಪ್ರತಿಗಳು ಪ್ರಪಂಚದ ನಾನಾ ಕಡೆ ಸಾವಿರಾರು ಜನರ ಬಳಿ ಇದ್ದವು. ಸುಳ್ಳು ಸೇರಿಸಿದ್ದರೆ ಗುರುತುಗಳು ಹೊಂದದೆ ಕೂಡಲೆ ಸಿಕ್ಕಿಬೀಳುತ್ತಿತ್ತು. ಭದ್ರತೆ ಕೋಟೆಯ ಗೋಡೆಯಿಂದ ಬಂದಿರಲಿಲ್ಲ, ಪ್ರತಿಗಳನ್ನು ಇಟ್ಟುಕೊಂಡಿದ್ದ ಜನರಿಂದ ಬಂದಿತ್ತು.

ಹಿಂದೆ ಓಲೆಗರಿಗಳನ್ನು ಪ್ರತಿ ಮಾಡಿದವರು ಗ್ರಂಥಗಳನ್ನು ಉಳಿಸಿಕೊಟ್ಟರು. ಅವರಲ್ಲಿ ಎಷ್ಟೋ ಮಂದಿಯ ಹೆಸರುಗಳು ಮಾತ್ರ ಉಳಿಯಲಿಲ್ಲ. ಇಂದು ಬರಹದೊಡನೆ ಬರೆದವರ ಹೆಸರೂ ತಿದ್ದಿದ ಕಾರಣವೂ ಉಳಿಯುವ ಸಾಧನ ದೊರೆತಿದೆ. ಹಲವು ಕೈಗಳು ಬರೆದ ಹೊತ್ತಗೆಯನ್ನು ಹಲವು ಕೈಗಳೇ ಕಾಯಬೇಕು. ತಾನು ತಿದ್ದಿದ ಒಂದು ಸಾಲಿಗೂ ತಾನೇ ಹೊಣೆ ಎಂಬ ಅರಿವು ಆ ಕಾವಲಿನ ಮೊದಲ ಮೆಟ್ಟಿಲು.